ಬಾದಾಮಿಯ ತ್ರಿಪದಿ, ಸರ್ವಜ್ಞನ ಚಾಟಿ

ಉತ್ತಂಗಿ ಚನ್ನಪ್ಪನವರು 1924ರಲ್ಲಿ ಹೊರತಂದ ಸರ್ವಜ್ಞನ ವಚನಗಳ ಸಂಪಾದನೆಯನ್ನು ಕನ್ನಡ ವಿಡಂಬನೆಯ ಅಧ್ಯಯನವೆಂದೇ ಓದಬೇಕು. ಬಾಸೆಲ್ ಮಿಶನ್ನಿನ ಪಾದ್ರಿಯಾಗಿದ್ದ ಅವರು ಓಲೆಗರಿಗಳನ್ನೂ ಜನರ ಬಾಯಲ್ಲಿ ಉಳಿದದ್ದನ್ನೂ ಜಾಲಾಡಿ ಸುಮಾರು ಎರಡು ಸಾವಿರ ತ್ರಿಪದಿಗಳನ್ನು ಒಂದೆಡೆ ತಂದರು. ಡಾಂಭಿಕ ಗುರು, ಜಿಪುಣ ಸಿರಿವಂತ, ಕುಲದ ಹಮ್ಮು, ಮಡಿಯ ಸೋಗು ಯಾವುದನ್ನೂ ಸರ್ವಜ್ಞ ಬಿಟ್ಟವನಲ್ಲ. ಸಾಮಾನ್ಯವಾಗಿ 16–17ನೆಯ ಶತಮಾನದವನೆಂದು ಹೇಳುವ ಈ ಕವಿಯ ಸಿಟ್ಟಿಗೆ ಅವನ ಹುಟ್ಟಿನ ಕಥೆಯಲ್ಲಿ, ಅಲೆಮಾರಿ ಬದುಕಿನಲ್ಲಿ ಕಾರಣ ಹುಡುಕುವ ರೂಢಿಯಿದೆ. ಅದು ಅರ್ಧ ಉತ್ತರ ಮಾತ್ರ. ಉಳಿದರ್ಧ ಅವನು ಹಿಡಿದ ಮಟ್ಟಿನಲ್ಲಿದೆ. ಆ ಮಟ್ಟಿನ ಲಿಖಿತ ಚರಿತ್ರೆ ಶುರುವಾಗುವುದು ಬಾದಾಮಿಯಲ್ಲಿ.

ಕೆರೆಯ ಆಚೆ, ತಟ್ಟುಕೋಟೆಯ ಬಳಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಕಾಲ ಸುಮಾರು ಕ್ರಿ.ಶ. 700. ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿಗಳು ಅಲ್ಲಿವೆ. ಸಾಧುವಿಗೆ ಸಾಧುವಾಗಿ, ಬಾಧಿಸುವ ಕಲಿಗೆ ವಿಪರೀತನಾಗಿ ನಿಂತ ವೀರನ ಹೊಗಳಿಕೆಯೆಂದೇ ಅದು ಪಠ್ಯಪುಸ್ತಕಗಳಲ್ಲಿ ನಿಂತುಬಿಟ್ಟಿದೆ. ಆದರೆ ಕೊನೆಯ ತ್ರಿಪದಿಯನ್ನು ನಿಧಾನವಾಗಿ ಓದಿ. ಅಲ್ಲಿ ಅರಭಟ್ಟನ ಹಗೆಗಳು, ನಮಗೇನು ಕೆಟ್ಟೀತು ಎಂದುಕೊಂಡು ಕಟ್ಟಿದ ಸಿಂಹವನ್ನು ತಾವೇ ಬಿಚ್ಚಿಬಿಟ್ಟವರಂತೆ ಕೆಟ್ಟರು, ಸತ್ತರು. ಹೊಗಳಿಕೆಯ ನಡುವೆಯೇ ಎದುರಾಳಿಯ ದಡ್ಡತನಕ್ಕೆ ನಗು ಕೇಳಿಸುತ್ತದೆ. ಛಂದಸ್ಸೂ ಇದಕ್ಕೆ ಒದಗಿಬರುತ್ತದೆ: ಮೊದಲೆರಡು ಸಾಲಿಗೆ ನಾಲ್ಕು ನಾಲ್ಕು ಗಣ, ಮೂರನೆಯದಕ್ಕೆ ಮೂರೇ. ಎರಡು ಸಾಲು ಮಾತನ್ನು ಬೆಳೆಸುತ್ತವೆ, ಕಿವಿ ಇನ್ನೂ ಕಾಯುತ್ತಿರುವಾಗಲೇ ಮೂರನೆಯದು ಮುಗಿದುಹೋಗುತ್ತದೆ. ತೀರ್ಪು ಹೇಳಲು ಇದಕ್ಕಿಂತ ಚುರುಕಾದ ಅಳತೆ ಕನ್ನಡದಲ್ಲಿಲ್ಲ. ಸರ್ವಜ್ಞ ಈ ಅಳತೆಯನ್ನು ಉಳಿಸಿಕೊಂಡು ವೀರನನ್ನು ಕೈಬಿಟ್ಟ. ಹಗೆಯ ಜಾಗದಲ್ಲಿ ಊರಿನ ದೊಡ್ಡವರನ್ನು ತಂದು ನಿಲ್ಲಿಸಿದ.

ನಡುವೆ ಒಂಬತ್ತು ಶತಮಾನದ ಅಂತರವಿದೆಯಲ್ಲ, ಸರ್ವಜ್ಞ ಈ ಬಂಡೆಯನ್ನು ಕಂಡಿದ್ದನೇ ಎಂದು ಕೇಳಬಹುದು. ಕಾಣಬೇಕಾಗಿರಲಿಲ್ಲ. 12ನೆಯ ಶತಮಾನದ ಅಕ್ಕಮಹಾದೇವಿಯ ಹೆಸರಿನ ಯೋಗಾಂಗ ತ್ರಿವಿಧಿ ಇದೇ ಮಟ್ಟಿನಲ್ಲಿದೆ. ಬೀಸುಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳು ಇದನ್ನೇ ಹಾಡಿದರು. 1931ರಲ್ಲಿ ಹಲಸಂಗಿ ಗೆಳೆಯರು ಅಂಥ ಹಾಡುಗಳ ಸಂಗ್ರಹವಾದ ಗರತಿಯ ಹಾಡನ್ನು ಅಚ್ಚಿಗೆ ತಂದಾಗಲೂ ಆ ಮಟ್ಟು ಜೀವಂತವಾಗಿತ್ತು. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಉತ್ತಂಗಿಯವರು ಕೂಡಿಸಿದ್ದರಲ್ಲಿ ಎಷ್ಟು ಸರ್ವಜ್ಞನದು, ಎಷ್ಟು ಅವನ ಅಂಕಿತ ಹಚ್ಚಿಕೊಂಡ ಬೇರೆಯವರದು? ಬೇರೆ ಕೈಗಳು ಸೇರಿರುವುದು ನಿಜ. ಆದರೆ ಇದರಿಂದ ನನ್ನ ವಾದ ಸಡಿಲವಾಗುವುದಿಲ್ಲ, ಬಿಗಿಯಾಗುತ್ತದೆ. ಹೆಸರಿಲ್ಲದ ಹಲವರು ದೊಡ್ಡವರನ್ನು ಬೈಯಲು ಇದೇ ಮೂರು ಸಾಲನ್ನು ಆರಿಸಿಕೊಂಡರೆಂದರೆ, ವಿಡಂಬನೆ ಒಬ್ಬನ ಸ್ವಭಾವಕ್ಕಿಂತ ಮಟ್ಟಿನ ಗುಣವಾಗಿತ್ತು ಎಂದಾಯಿತು.

ಆ ಚಾಟಿ ಮೇಲಿನವರ ಬೆನ್ನಿಗೆ ಮಾತ್ರ ಬಿದ್ದಿಲ್ಲ ಎಂಬುದನ್ನೂ ಒಪ್ಪಲೇಬೇಕು. ಹೆಂಗಸರನ್ನು, ದುಡಿಯುವ ಕಸುಬಿನವರನ್ನು ಹೀಗಳೆಯುವ ತ್ರಿಪದಿಗಳೂ ಸಂಗ್ರಹದಲ್ಲಿವೆ. ಶಾಲೆಯ ಪುಸ್ತಕಗಳು ಅವನ್ನು ಸದ್ದಿಲ್ಲದೆ ಬಿಟ್ಟು, ಜಾತಿಯನ್ನು ಪ್ರಶ್ನಿಸುವ ನಾಲ್ಕಾರನ್ನು ಮಾತ್ರ ಕೊಡುತ್ತವೆ. ಇದು ಸರ್ವಜ್ಞನಿಗೂ ಓದುಗನಿಗೂ ಮಾಡುವ ಅನ್ಯಾಯ. ಮುಂದಿನ ಸಂಪಾದಕರು ಎರಡೂ ಬಗೆಯವನ್ನು ಪೂರ್ತಿಯಾಗಿ ಅಚ್ಚುಹಾಕಲಿ, ಕಪ್ಪೆ ಅರಭಟ್ಟನ ಶಾಸನವನ್ನು ಮೊದಲ ಪುಟದಲ್ಲಿಡಲಿ.