ಮೀಟರಿಂಗ್ ಮತ್ತು ಫೋಕಸ್ ಪಾಯಿಂಟ್

ಎದುರಿನ ದೃಶ್ಯದ ಬೆಳಕನ್ನು ಅಳೆದು, ಚಿತ್ರಕ್ಕೆ ಅದರಲ್ಲಿ ಎಷ್ಟನ್ನು ಒಳಗೆ ಬಿಡಬೇಕೆಂದು ಕ್ಯಾಮೆರಾ ತೀರ್ಮಾನಿಸುವ ಕ್ರಿಯೆಗೆ ಮೀಟರಿಂಗ್ ಎನ್ನುತ್ತಾರೆ. ಚೌಕಟ್ಟಿನ ಯಾವ ಜಾಗ ನಿಚ್ಚಳವಾಗಿ ಮೂಡಬೇಕೆಂದು ತೋರಿಸುವ ಗುರುತು ಫೋಕಸ್ ಪಾಯಿಂಟ್. ಒಂದು ಬೆಳಕಿನ ಲೆಕ್ಕ, ಇನ್ನೊಂದು ದೂರದ ಲೆಕ್ಕ. ಹುಟ್ಟಿನಲ್ಲಿ ಎರಡಕ್ಕೂ ನಂಟಿಲ್ಲ. ಆದರೆ ಇಂದಿನ ಅನೇಕ ಕ್ಯಾಮೆರಾಗಳಲ್ಲಿ, ಮೊಬೈಲುಗಳಲ್ಲಂತೂ, ಫೋಕಸ್ ಎಲ್ಲಿ ಬಿದ್ದಿದೆಯೋ ಅಲ್ಲಿನ ಬೆಳಕಿಗೆ ಮೀಟರ್ ಹೆಚ್ಚು ತೂಕ ಕೊಡುತ್ತದೆ. ಹೀಗಾಗಿ ಬಿಂದುವನ್ನು ಬೆರಳಗಲ ಸರಿಸಿದರೂ ಇಡೀ ಚಿತ್ರ ಬೆಳ್ಳಗಾಗಬಹುದು, ಇಲ್ಲವೇ ಕಪ್ಪಿಡಬಹುದು. ಕಪ್ಪು ಎರೆ ಹೊಲ, ಬಿಳಿ ಪಟಕ, ಕರಿಗಲ್ಲಿನ ಸ್ಮಾರಕ, ಮೋಡವಿಲ್ಲದ ಆಕಾಶ ಒಂದೇ ಚೌಕಟ್ಟಿಗೆ ಬರುವ ವಿಜಯಪುರ, ತಿಕೋಟಾ, ಬಬಲೇಶ್ವರ ಸೀಮೆಯಲ್ಲಿ ಈ ವ್ಯತ್ಯಾಸ ಬೇಗ ಕಣ್ಣಿಗೆ ಬೀಳುತ್ತದೆ.

ಕ್ಯಾಮೆರಾದೊಳಗಿನ ಮೀಟರ್ ವಸ್ತುವಿನಿಂದ ಮರಳಿ ಬಂದ ಬೆಳಕನ್ನಷ್ಟೇ ಅಳೆಯುತ್ತದೆ. ಎದುರಿಗಿರುವುದು ಜೋಳದ ರಾಶಿಯೋ ಎರೆ ಮಣ್ಣಿನ ಹೆಂಟೆಯೋ ಎಂಬುದು ಅದಕ್ಕೆ ತಿಳಿಯದು. ಯಾವುದನ್ನು ತೋರಿಸಿದರೂ ಅದನ್ನು ನಡುವಣ ಬೂದು ಬಣ್ಣಕ್ಕೆ ತರುವುದೇ ಅದರ ಧರ್ಮ. ಛಾಯಾಗ್ರಾಹಕರು ಬಳಸುವ ಬೂದು ಕಾರ್ಡು ತನ್ನ ಮೇಲೆ ಬಿದ್ದ ಬೆಳಕಿನ ಶೇ. 18ರಷ್ಟನ್ನು ಹಿಂದಿರುಗಿಸುವಂಥದ್ದು, ಈ ನಡುವಣ ಬೂದಿಗೆ ವಾಡಿಕೆಯ ಅಳತೆ ಅದೇ. ಆದ್ದರಿಂದ ಚೌಕಟ್ಟಿನ ತುಂಬ ಬಿಳಿ ಜೋಳ ತುಂಬಿದರೆ ಚಿತ್ರ ಮಂಕಾಗಿ ಬರುತ್ತದೆ, ಒಂದರಿಂದ ಒಂದೂವರೆ ಸ್ಟಾಪ್ ಹೆಚ್ಚಿಸಬೇಕಾಗುತ್ತದೆ. ಎರೆ ಹೊಲವೇ ತುಂಬಿದ್ದರೆ ಮಣ್ಣು ಬೂದಿಯಂತೆ ಕಾಣುತ್ತದೆ, ಸುಮಾರು ಒಂದು ಸ್ಟಾಪ್ ಇಳಿಸಬೇಕು. ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವುದು ಇಲ್ಲವೇ ಅರ್ಧವಾಗುವುದು. ಬಿಳಿಗೆ ಹೆಚ್ಚಿಸು, ಕರಿಗೆ ಇಳಿಸು ಎಂಬ ಈ ನಿಯಮ ಹೊಸಬರಿಗೆ ತಲೆಕೆಳಗಾಗಿ ಕಾಣುವುದು ಸಹಜ.

ಅಳೆಯುವ ವಿಧಾನ ಮುಖ್ಯವಾಗಿ ಮೂರು. ಸೆಂಟರ್-ವೇಟೆಡ್ ಮೀಟರ್ ಚೌಕಟ್ಟಿನ ನಡುಭಾಗಕ್ಕೆ ಹೆಚ್ಚು ಬೆಲೆ ಕೊಡುತ್ತದೆ, ಫೋಕಸ್ ಎಲ್ಲಿದೆಯೆಂದು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ಸ್ಪಾಟ್ ಮೀಟರ್ ಒಂದು ಸಣ್ಣ ವೃತ್ತದ ಬೆಳಕನ್ನು ಮಾತ್ರ ನೋಡುತ್ತದೆ. ನಿಕಾನ್ ಕ್ಯಾಮೆರಾಗಳಲ್ಲಿ ಈ ವೃತ್ತ ಸಾಮಾನ್ಯವಾಗಿ ಆಯ್ದ ಫೋಕಸ್ ಬಿಂದುವಿನ ಬೆನ್ನು ಹತ್ತಿ ಹೋಗುತ್ತದೆ. ಕ್ಯಾನನ್‌ನ ಹೆಚ್ಚಿನ ಡಿಎಸ್‌ಎಲ್‌ಆರ್ ಮಾದರಿಗಳಲ್ಲಿ ನಟ್ಟನಡುವೆಯೇ ಕೂತಿರುತ್ತದೆ. ಗೆಳೆಯನ ಕ್ಯಾಮೆರಾ ಎರವಲು ತಂದವರು ಎಡವುವುದು ಇಲ್ಲೇ: ಫೋಕಸ್ ಮೂಲೆಯಲ್ಲಿದ್ದ ಮುಖದ ಮೇಲೆ, ಅಳತೆ ನಡುವಿದ್ದ ಆಕಾಶದ ಮೇಲೆ. ಮೂರನೆಯದು ಇಡೀ ಚೌಕಟ್ಟನ್ನು ಹಲವು ತುಂಡು ಮಾಡಿ ತೂಗಿ ನೋಡುವ ವಿಧಾನ. 1983ರಲ್ಲಿ ಬಂದ ನಿಕಾನ್ ಎಫ್‌ಎ ಇದನ್ನು ಐದು ತುಂಡುಗಳಿಂದ ಆರಂಭಿಸಿತು. ನಿಕಾನ್ ಇದನ್ನು ಮ್ಯಾಟ್ರಿಕ್ಸ್ ಎನ್ನುತ್ತದೆ, ಕ್ಯಾನನ್ ಇವ್ಯಾಲ್ಯುಯೇಟಿವ್ ಎನ್ನುತ್ತದೆ. ಫೋಕಸ್ ಬಿಂದುವಿನ ಸುತ್ತಲಿನ ತುಂಡುಗಳಿಗೆ ಹೆಚ್ಚು ತೂಕ ಸಿಗುವುದು ಈ ವಿಧಾನದಲ್ಲೇ.

ಒಂದು ಉದಾಹರಣೆ ನೋಡೋಣ. ತಿಕೋಟಾದ ಹೊಲದ ಬದುವಿನ ಮೇಲೆ ಬಿಳಿ ಪಟಕ ಸುತ್ತಿದ ರೈತರೊಬ್ಬರು ನಿಂತಿದ್ದಾರೆ, ಬೆನ್ನ ಹಿಂದೆ ಬೆಳಗಿನ ಆಕಾಶ. ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 200, ಅಪರ್ಚರ್ (ಮಸೂರದ ತೆರಪು) ಎಫ್ 5.6 ಇದ್ದು, ಇಡೀ ಚೌಕಟ್ಟನ್ನು ಅಳೆದ ಕ್ಯಾಮೆರಾ ಷಟರ್ ವೇಗ 1/1000 ಸೆಕೆಂಡ್ ಎಂದಿತು ಎಂದುಕೊಳ್ಳಿ. ಆಕಾಶ ಸೊಗಸಾಗಿ ಬಂತು, ಪಟಕದ ಮಡಿಕೆಗಳೂ ಉಳಿದವು. ಆದರೆ ಮನೆಯವರ ಮಾತು ಒಂದೇ: "ಮಾರಿ ಕರ್ರಗ ಬಂದೈತ್ರಿ." ಸ್ಪಾಟ್ ಮೀಟರನ್ನು ಕೆನ್ನೆಯ ಮೇಲಿಟ್ಟಾಗ ಅದು 1/250 ಎಂದರೆ ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು ಬೆಳಕು. ಈಗ ಮುಖ ತಿಳಿಯಾಯಿತು, ಆಕಾಶ ಬಿಳಿಚಿಕೊಂಡಿತು. ಅದೇ ಬಿಂದು ಕೆನ್ನೆಯಿಂದ ಜಾರಿ ಪಟಕದ ಮೇಲೆ ಬಿದ್ದರೆ ಮುಖ ಮೊದಲಿಗಿಂತಲೂ ಕಪ್ಪಾಗಬಹುದು. ಇನ್ನೊಂದು ಸೂಕ್ಷ್ಮವೂ ಇದೆ: ಬಿಸಿಲುಂಡ ಕಪ್ಪು ಕೆನ್ನೆಯನ್ನೂ ಮೀಟರ್ ನಡುವಣ ಬೂದಿಗೇ ಎಳೆಯುವುದರಿಂದ ಅಲ್ಲಿಂದ ಅರ್ಧ ಸ್ಟಾಪ್ ಇಳಿಸಿದರೆ ಮೈಬಣ್ಣ ಇದ್ದಂತೆ ಬರುತ್ತದೆ. ಮುಖವನ್ನು ಬೆಳ್ಳಗೆ ಮಾಡಿಕೊಡುವುದೇ ಒಳ್ಳೆಯ ಫೋಟೋ ಎಂಬ ರೂಢಿ ಬೇರೆ, ಸರಿಯಾದ ಎಕ್ಸ್‌ಪೋಷರ್ (ಒಳಬಿಟ್ಟ ಬೆಳಕಿನ ಪ್ರಮಾಣ) ಬೇರೆ.

ಇನ್ನು ವಿಜಯಪುರದ ಸ್ಮಾರಕಗಳಿಗೆ ಬರೋಣ. ಸುಲ್ತಾನ ಮೊಹಮ್ಮದ್ ಆದಿಲ್ ಶಾಹನ (ಆಳ್ವಿಕೆ 1627–1656) ಸಮಾಧಿಯಾದ ಗೋಳಗುಮ್ಮಟದ ಪ್ರವೇಶದ್ವಾರ ದಕ್ಷಿಣಕ್ಕಿದೆ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಆಗ ಮುಂಭಾಗದ ಮೇಲೆ ಬಿಸಿಲು ಬೀಳುತ್ತದೆ, ಯಾವ ಮೀಟರಾದರೂ ನಡೆಯುತ್ತದೆ. ಕಷ್ಟವಿರುವುದು ಒಳಗೆ. ಕಂಬವೇ ಇಲ್ಲದ ಆ ವಿಶಾಲ ಹಜಾರದ ಕತ್ತಲಲ್ಲಿ ನಿಂತು ಬಾಗಿಲ ಕಡೆ ಫೋಕಸ್ ಇಟ್ಟರೆ ಗೋಡೆಗಳೆಲ್ಲ ಮಸಿಯಾಗುತ್ತವೆ. ಗೋಡೆಗೆ ಇಟ್ಟರೆ ಬಾಗಿಲು ಸುಣ್ಣದ ಹಾಳೆಯಾಗುತ್ತದೆ. ಎರಡೂ ತಪ್ಪಲ್ಲ, ಯಾವುದು ಬೇಕೆಂದು ಆರಿಸಬೇಕು. ಇಬ್ರಾಹಿಂ ರೋಜಾದ ಸಮಾಧಿ ಕೋಣೆಯಲ್ಲಿ ಕಲ್ಲನ್ನೇ ಅಕ್ಷರಗಳಾಗಿ ಕೊರೆದ ಜಾಲಂಧ್ರಗಳಿವೆ, ಬೆಳಕು ಆ ಅಕ್ಷರಗಳ ಸಂದಿನಿಂದಲೇ ಬರುತ್ತದೆ. ಅಲ್ಲಿ ಫೋಕಸ್ ಅಕ್ಷರದ ಅಂಚಿಗೆ, ಅಳತೆ ಬೆಳಕಿನ ತೂತಿಗೆ ಎಂದು ಎರಡನ್ನೂ ಬೇರ್ಪಡಿಸದೆ ಗತಿಯಿಲ್ಲ. ಬಬಲೇಶ್ವರ ತಾಲ್ಲೂಕಿನ ಮಮದಾಪುರ ಕೆರೆಯ ಮೇಲೆ ಸಂಜೆ ಬಿಸಿಲು ಹೊಳೆಯುವಾಗಲೂ ಇದೇ ಪಾಡು. ಒಣದ್ರಾಕ್ಷಿ ಶೆಡ್ಡಿನ ನೆರಳುಪರದೆಯ ಕೆಳಗೆ ಬೆಳಕು ಹದವಾಗಿ ಹರಡಿರುತ್ತದೆ, ಅಂಥ ತಾಪತ್ರಯ ಕಡಿಮೆ.

ಹೀಗೆ ಫೋಕಸನ್ನೂ ಅಳತೆಯನ್ನೂ ಬೇರ್ಪಡಿಸುವುದಕ್ಕೆ ಎಕ್ಸ್‌ಪೋಷರ್ ಲಾಕ್ ಗುಂಡಿ ಇದೆ: ಬೇಕಾದ ಕಡೆ ಅಳೆದು, ಒತ್ತಿಹಿಡಿದು, ಆಮೇಲೆ ಚೌಕಟ್ಟು ಬದಲಿಸಿ ಫೋಕಸ್ ಮಾಡುವುದು. ಷಟರ್ ಗುಂಡಿಯನ್ನು ಅರ್ಧ ಒತ್ತಿದರೆ ಸಾಮಾನ್ಯವಾಗಿ ಫೋಕಸ್ ನಿಲ್ಲುತ್ತದೆ. ಎಕ್ಸ್‌ಪೋಷರ್ ಕೂಡ ನಿಲ್ಲುತ್ತದೆಯೇ ಎಂಬುದು ಕ್ಯಾಮೆರಾ ಮತ್ತು ವಿಧಾನಕ್ಕೆ ತಕ್ಕಂತೆ ಬೇರೆಯಾಗುತ್ತದೆ. ಮೊಬೈಲಿನಲ್ಲಿ ಪರದೆ ಮುಟ್ಟಿದರೆ ಎರಡೂ ಒಟ್ಟಿಗೆ ಬದಲಾಗುತ್ತವೆ; ಒತ್ತಿಹಿಡಿದರೆ ಬಹುತೇಕ ಮೊಬೈಲುಗಳಲ್ಲಿ ಎರಡೂ ಬೀಗ ಬೀಳುತ್ತವೆ, ಬೆರಳನ್ನು ಜಾರಿಸಿ ಬೆಳಕನ್ನಷ್ಟೇ ಏರಿಳಿಸಬಹುದು.

ವಿಜಯಪುರದ ಇದೇ ಸ್ಮಾರಕಗಳನ್ನು 1855ರಲ್ಲಿ ಸೇನಾಧಿಕಾರಿ ಥಾಮಸ್ ಬಿಗ್ಸ್ ಕಾಗದದ ನೆಗೆಟಿವ್ ಮೇಲೆ ತೆಗೆದಾಗ ಕ್ಯಾಮೆರಾದಲ್ಲಿ ಮೀಟರ್ ಇರಲಿಲ್ಲ, ಅನುಭವವೇ ಅಳತೆಯಾಗಿತ್ತು. ಆ ಕಾಲದ ರಾಸಾಯನಿಕಗಳಿಗೆ ನೀಲಿ ಬೆಳಕೇ ಹೆಚ್ಚು ತಾಕುತ್ತಿದ್ದುದರಿಂದ ಕಲ್ಲು ಸರಿಯಾಗಿ ಮೂಡಿದಲ್ಲಿ ಆಕಾಶ ಬಿಳಿಯ ಹಾಳೆಯಾಗುತ್ತಿತ್ತು. ಬಿಗ್ಸ್ ತೆಗೆದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ವಿಜಯಪುರ ವಾಸ್ತುಶಿಲ್ಪದ ಗ್ರಂಥದಲ್ಲಿ ಸೇರಿದವು. ಅದಕ್ಕೆ ಚರಿತ್ರೆಯ ಭಾಗ ಬರೆದವರು ಮೆಡೋಸ್ ಟೇಲರ್, ವಾಸ್ತುಶಿಲ್ಪದ ಟಿಪ್ಪಣಿ ಜೇಮ್ಸ್ ಫರ್ಗ್ಯುಸನ್ ಅವರದು.