ಪರದೆಯಲ್ಲಿ ಮಾಯವಾಗುವ ಗಣಿತ: ವೆಬ್‌ನಲ್ಲಿ ಚಿಹ್ನೆಗಳನ್ನು ಕಾಪಾಡೋದು ಹೇಗೆ?

ಡಿಜಿಟಲ್ ಶಿಕ್ಷಣ ಅಂದಕೂಡಲೇ ನಾವು ಮೊಬೈಲ್, ನೆಟ್‌ವರ್ಕ್ ಬಗ್ಗೆ ವಾದ ಮಾಡ್ತೀವಿ. ಪರದೆ ಮೇಲೆ ಬಂದ ಪ್ರಶ್ನೆಯೇ ಸರಿಯಿದೆಯಾ ಅಂತ ಕೇಳೋರು ಕಡಿಮೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ಆನ್‌ಲೈನ್ ಗಣಿತ ಅಭ್ಯಾಸ ಪುಟ ಮಾಡಲು ಹೊರಡುವವರು ಮೊದಲು ತಿಳಿಯಬೇಕಾದ್ದು ಇಷ್ಟು: ಒಂದೇ ಚಿಹ್ನೆಗೆ ಬ್ರೌಸರ್‌ನಲ್ಲಿ ಒಂದು ಅರ್ಥ, ಸೂತ್ರದ ಭಾಷೆಯಲ್ಲಿ ಇನ್ನೊಂದು, ಲಿಂಕ್‌ನಲ್ಲಿ ಮತ್ತೊಂದು.

ಬ್ರೌಸರ್

‘ಎ<ಬಿ ಮತ್ತು ಬಿ>ಸಿ’ ಎಂಬುದನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ, ಚಿಹ್ನೆಯ ಪಕ್ಕ ಜಾಗ ಬಿಡದೆ ಎಚ್‌ಟಿಎಂಎಲ್ ಪುಟಕ್ಕೆ ಹಾಕಿ. < ಚಿಹ್ನೆಯ ಹಿಂದೆಯೇ ಇಂಗ್ಲಿಷ್ ಅಕ್ಷರ ಬಂದರೆ ಬ್ರೌಸರ್ ಅದನ್ನು ಟ್ಯಾಗ್ ಅಂದುಕೊಳ್ಳುತ್ತೆ. ಇಲ್ಲಿ ‘ಬಿ’ ದಪ್ಪಕ್ಷರದ ಟ್ಯಾಗ್. ನಡುವಿನದ್ದೆಲ್ಲ ಅದರೊಳಗೆ ಹೋಗಿ ಕಾಣೋದು ‘ಎಸಿ’ ಮಾತ್ರ. ಬೀಜಗಣಿತದಲ್ಲಿ ಅದು ಎ ಗುಣಿಸು ಸಿ! ಪ್ರಶ್ನೆ ತಪ್ಪಾಗಿದೆ ಅಂತಲೂ ಗೊತ್ತಾಗಲ್ಲ.

ಪರಿಹಾರ: < ಬದಲು &#60;, > ಬದಲು &#62;, & ಬದಲು &#38;. ಮೊದಲು & ಬದಲಿಸಿ, ಆಮೇಲೆ ಉಳಿದವು. ಕ್ರಮ ತಪ್ಪಿದರೆ ಚಿಹ್ನೆಯ ಬದಲು ಸಂಕೇತವೇ ಮಕ್ಕಳಿಗೆ ಕಾಣುತ್ತೆ.

ಸೂತ್ರದ ಭಾಷೆ

ಸಮೀಕರಣಗಳಿಗೆ ಹೆಚ್ಚಾಗಿ ಬಳಸೋದು ಟೆಕ್ ಭಾಷೆ. ಮ್ಯಾತ್‌ಜ್ಯಾಕ್ಸ್ ಅದನ್ನು ಪುಟದಲ್ಲಿ ಗಣಿತವಾಗಿ ತೋರಿಸುತ್ತೆ. ಟೆಕ್‌ನಲ್ಲಿ % ಅಂದರೆ ‘ಈ ಸಾಲಿನ ಉಳಿದದ್ದನ್ನು ಬಿಡು’ ಅಂತ. 800 ರೂಪಾಯಿಯ ಚನ್ನಪಟ್ಟಣದ ಗೊಂಬೆಗೆ 20% ರಿಯಾಯಿತಿ ಎಂದು 800 × 20% = 160 ಬರೆದರೆ, 800 × 20 ಅಷ್ಟೇ ಉಳಿಯುತ್ತೆ. \% ಅಂತ ಬರೆಯಬೇಕು. ಮ್ಯಾತ್‌ಜ್ಯಾಕ್ಸ್ ನೋಡುವ ಮೊದಲೇ ಬ್ರೌಸರ್ ಪುಟ ಓದಿರುತ್ತೆ; ಹಾಗಾಗಿ ಸೂತ್ರದೊಳಗಿನ < ಕೂಡ &#60; ಆಗಿರಬೇಕು.

ಲಿಂಕ್

ಉತ್ತರವನ್ನು ಲಿಂಕ್‌ಗೆ ಹಾಗೇ ಅಂಟಿಸಿ ಕಳಿಸಿದರೆ, 2+3 ರಲ್ಲಿನ + ಸಾಮಾನ್ಯವಾಗಿ ಖಾಲಿ ಜಾಗ ಆಗುತ್ತೆ. & ಬಂದರೆ ಉತ್ತರ ಅಲ್ಲಿಗೇ ತುಂಡಾಗುತ್ತೆ; ಅದು %26 ಆಗಿ ಹೋಗಬೇಕು. ಜಾವಾಸ್ಕ್ರಿಪ್ಟ್‌ನ ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್ ಇದಕ್ಕೇ ಇರೋದು.

ನಿಷೇಧ ಬೇಡ

ವಿದ್ಯಾರ್ಥಿ ಬರೆದ ಉತ್ತರವನ್ನು ಹಾಗೇ ಪುಟಕ್ಕೆ ಸುರಿದರೆ, ಉತ್ತರದ ವೇಷದಲ್ಲಿ ಬಂದ ಸ್ಕ್ರಿಪ್ಟ್ ಶಿಕ್ಷಕರ ಬ್ರೌಸರ್‌ನಲ್ಲಿ ಓಡಬಹುದು. ಇದಕ್ಕೆ ಹೆದರಿ < ಚಿಹ್ನೆಯನ್ನೇ ಅಳಿಸುವವರಿದ್ದಾರೆ. ನಾನು ಅದನ್ನು ಒಪ್ಪಲ್ಲ: ಅದು ಕಳ್ಳನ ಜೊತೆ ಅಸಮತೆಯ ಪಾಠವನ್ನೂ ಹೊರಹಾಕಿದಂತೆ. ಮಕ್ಕಳು ಬರೆದದ್ದನ್ನು ಬರೆದಂತೆಯೇ ಉಳಿಸಿ. ತೋರಿಸುವಾಗ, ಆ ಜಾಗದ ನಿಯಮಕ್ಕೆ ತಕ್ಕಂತೆ, ಒಂದೇ ಸಲ ಸಂಕೇತಕ್ಕೆ ಬದಲಿಸಿ.

ಪುಟ ಬಿಡುಗಡೆಗೆ ಮುಂಚೆ <, >, &, %, + ಐದನ್ನೂ ಒಂದು ಉತ್ತರದಲ್ಲಿ ಹಾಕಿ ಕಳಿಸಿ ನೋಡಿ. ಐದೂ ಹಾಗೇ ವಾಪಸ್ ಬಂದರೆ ಮಾತ್ರ ಮಕ್ಕಳ ಕೈಗೆ ಕೊಡಿ. ಅಂಕ ಕಳೆದುಕೊಳ್ಳೋದು ಪುಟ ಮಾಡಿದವರಲ್ಲ, ಮಕ್ಕಳು.