ಪಿನ್ ಪಾರ್ವತಿ ಪಾಸ್ ಚಾರಣ: ಹೊರಡುವ ಮುನ್ನವೇ ತೀರ್ಮಾನವಾಗಬೇಕಾದ ಸಂಗತಿಗಳು

ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯ ಪಾರ್ವತಿ ಕಣಿವೆಯಿಂದ ಲಾಹೌಲ್-ಸ್ಪಿತಿ ಜಿಲ್ಲೆಯ ಪಿನ್ ಕಣಿವೆಗೆ ದಾಟಿಸುವ ಪಿನ್ ಪಾರ್ವತಿ ಪಾಸ್ 5,319 ಮೀಟರ್ ಎತ್ತರದಲ್ಲಿದೆ. ಸ್ಪಿತಿಗೆ ಇನ್ನೊಂದು ದಾರಿ ಹುಡುಕುತ್ತ ಹೊರಟ ಬ್ರಿಟಿಷ್ ಅಧಿಕಾರಿ ಲೂಯಿಸ್ ಡೇನ್ 1884ರ ಆಗಸ್ಟ್‌ನಲ್ಲಿ ಇದನ್ನು ದಾಟಿದ್ದು ದಾಖಲಾಗಿದೆ. ಬರ್ಶೈಣಿಯಿಂದ ಮುದ್ ಹಳ್ಳಿಯವರೆಗೆ ಒಟ್ಟು ಸುಮಾರು 100ರಿಂದ 110 ಕಿ.ಮೀ. ನಡಿಗೆ. ಹೆಚ್ಚಿನ ತಂಡಗಳಿಗೆ 9ರಿಂದ 11 ದಿನ ಬೇಕಾಗುತ್ತದೆ.

ಮೊದಲ ದಿನದ ಖೀರಗಂಗಾವರೆಗೆ ಜಾತ್ರೆಯಂಥ ಜನಸಂದಣಿ. ಬಿಸಿನೀರಿನ ಬುಗ್ಗೆ, ಚಹಾದಂಗಡಿ, ವಾರಾಂತ್ಯಕ್ಕೆ ಬಂದ ಕಾಲೇಜು ಹುಡುಗರು ಎಲ್ಲವೂ ಅಲ್ಲಿ ಸಿಗುತ್ತವೆ. ಅಲ್ಲಿಂದ ಮುಂದೆ ದಾರಿ ದಿನದಿಂದ ದಿನಕ್ಕೆ ಸಣ್ಣದಾಗುತ್ತದೆ. ಕುರಿ ಮೇಯಿಸುವವರ ಕಾಲುಹಾದಿ ಸ್ವಲ್ಪ ದೂರ ಜೊತೆಗಿರುತ್ತದೆ. ಮಂತಲಾಯಿ ಸರೋವರ ದಾಟಿದ ಮೇಲೆ ಅದೂ ಇಲ್ಲ. ಹಿಮನದಿ ತಂದು ಸುರಿದ ಕಲ್ಲುರಾಶಿ, ನಂತರ ಹಿಮ, ಆ ಹಿಮದೊಳಗೆ ಬಿರುಕು. ಯಾವ ಕಡೆಯಿಂದ ಹತ್ತಬೇಕು ಎಂಬುದನ್ನು ಆಯಾ ವರ್ಷದ ಹಿಮವನ್ನು ನೋಡಿಯೇ ತೀರ್ಮಾನಿಸಬೇಕು.

ಪಾಸ್‌ನ ಆಸುಪಾಸಿನಲ್ಲಿ ಯಾರಿಗಾದರೂ ಕಾಲು ಉಳುಕಿದರೆ ಹಿಂದಿನ ರಸ್ತೆಗೆ ನಾಲ್ಕೈದು ದಿನ, ಮುಂದಿನ ರಸ್ತೆಗೆ ಎರಡು ಮೂರು ದಿನ. ಹೀಗಾಗಿ ಈ ಚಾರಣದ ಯೋಜನೆಯಲ್ಲಿ ಹೋಗುವುದು ಹೇಗೆ ಎಂಬುದಕ್ಕಿಂತ ಎಲ್ಲಿಂದ, ಯಾವಾಗ ಹಿಂದಿರುಗುವುದು ಎಂಬ ಪ್ರಶ್ನೆಗೆ ಹೆಚ್ಚು ಹೊತ್ತು ಕೊಡಬೇಕು.

ಎರಡು ಘಟನೆಗಳು

2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ಹಿಮಗಾಳಿಗೆ ಸಿಕ್ಕಿ 9 ಮಂದಿ ಜೀವ ಕಳೆದುಕೊಂಡದ್ದು ಕನ್ನಡಿಗರು ಮರೆಯಲಾಗದ ಸುದ್ದಿ. 22 ಜನರ ಆ ತಂಡದಲ್ಲಿ ಬಹುಪಾಲು ಕರ್ನಾಟಕದವರೇ ಇದ್ದರು. ಉಳಿದ 13 ಮಂದಿಯನ್ನು ರಕ್ಷಿಸಲಾಯಿತು. ಅದು ಪಿನ್ ಪಾರ್ವತಿಯಷ್ಟು ಎತ್ತರದ, ಅಷ್ಟು ದೀರ್ಘದ ಚಾರಣವೂ ಆಗಿರಲಿಲ್ಲ. ಮರಳುವ ಹಾದಿಯಲ್ಲಿ ಹವಾಮಾನ ಕೆಟ್ಟಿತು, ಅಷ್ಟೇ.

ಇನ್ನೊಂದು ಪಿನ್ ಕಣಿವೆಯದೇ. 2021ರ ಸೆಪ್ಟೆಂಬರ್‌ನಲ್ಲಿ ಖಮೇಂಗರ್ ಹಿಮನದಿ ಭಾಗದಲ್ಲಿ ಪಶ್ಚಿಮ ಬಂಗಾಳದ ತಂಡವೊಂದು ಸಿಲುಕಿತು. ಇಬ್ಬರು ಮೃತಪಟ್ಟರು. ತಂಡದವರು ಇಳಿದು ಬಂದು ಕಾಜಾದಲ್ಲಿ ಸುದ್ದಿ ಮುಟ್ಟಿಸಿದ ಬಳಿಕವೇ ಆಡಳಿತಕ್ಕೆ ವಿಷಯ ತಿಳಿದದ್ದು. ಐಟಿಬಿಪಿ ಮತ್ತು ಸೇನೆಯವರಿದ್ದ ರಕ್ಷಣಾ ತಂಡ ನಡೆದೇ ಮೇಲೇರಬೇಕಾಯಿತು. ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಗುತ್ತದೆ ಎಂಬ ನಂಬಿಕೆಯನ್ನು ಯೋಜನೆಯ ಹಂತದಲ್ಲೇ ಕೈಬಿಡುವುದು ಒಳ್ಳೆಯದು. ಮೋಡ ಇಳಿದರೆ ಅದು ಹಾರುವುದಿಲ್ಲ.

ಯಾವಾಗ, ಯಾವ ಕಡೆಯಿಂದ

ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗಿನ ಎರಡು ತಿಂಗಳು ಈ ಪಾಸ್‌ನ ಹಂಗಾಮು. ಆದರೆ ಇದೇ ಮಳೆಗಾಲವೂ ಹೌದು. ಪಾರ್ವತಿ ಕಣಿವೆಯಲ್ಲಿ ಚೆನ್ನಾಗಿ ಮಳೆ ಬೀಳುತ್ತದೆ, ಹೊಳೆ ಉಕ್ಕುತ್ತದೆ, ಗುಡ್ಡ ಜಾರುತ್ತದೆ. ಪಿನ್ ಕಣಿವೆ ಮಳೆ ನೆರಳಿನ ಪ್ರದೇಶ, ಒಣ ಭೂಮಿ. ಜುಲೈನಲ್ಲಿ ಹೋದರೆ ಬಿರುಕುಗಳ ಮೇಲೆ ಹಿಮ ಮುಚ್ಚಿಕೊಂಡಿರುತ್ತದೆ: ನಡೆಯಲು ಸುಲಭ, ಆದರೆ ಕಾಲ ಕೆಳಗೆ ಏನಿದೆ ಎಂದು ಕಾಣದು. ಆಗಸ್ಟ್ ಕೊನೆಗೆ ಬಿರುಕು ಬಾಯಿ ತೆರೆದು ಕಾಣುತ್ತದೆ, ಸುತ್ತಿ ಹೋಗಬೇಕಾಗುತ್ತದೆ. ಸೆಪ್ಟೆಂಬರ್ ಕೊನೆಯ ವಾರವನ್ನು ನಂಬಿಕೊಳ್ಳುವುದು ಜೂಜು. 2018ರಲ್ಲಿ ಅದೇ ಹೊತ್ತಿಗೆ ಲಾಹೌಲ್-ಸ್ಪಿತಿಯಲ್ಲಿ ಅಕಾಲಿಕ ಹಿಮ ಸುರಿದು ನೂರಾರು ಮಂದಿ ಅಲ್ಲಲ್ಲೇ ಸಿಕ್ಕಿಕೊಂಡಿದ್ದರು.

ಪಾರ್ವತಿ ಕಡೆಯಿಂದ ಹತ್ತಿ ಪಿನ್ ಕಡೆಗೆ ಇಳಿಯುವುದೇ ಸರಿಯಾದ ದಿಕ್ಕು. ಕಾರಣ ಸರಳ. ಬರ್ಶೈಣಿ ಸುಮಾರು 2,200 ಮೀಟರ್, ಖೀರಗಂಗಾ 2,950, ಮಂತಲಾಯಿ 4,100 ಮೀಟರ್ ಎತ್ತರದಲ್ಲಿವೆ. ದೇಹಕ್ಕೆ ಹೊಂದಿಕೊಳ್ಳಲು ದಿನಗಳು ಸಿಗುತ್ತವೆ. ಮುದ್ ಕಡೆಯಿಂದ ಶುರು ಮಾಡಿದರೆ ಮೊದಲ ರಾತ್ರಿಯೇ 3,800 ಮೀಟರ್ ಹತ್ತಿರ ಮಲಗಬೇಕು. ಮುಂಬೈ, ಚೆನ್ನೈನಂಥ ಸಮುದ್ರಮಟ್ಟದ ಊರಿನಿಂದ ಬಂದವರಿಗೆ ಇದು ಕಷ್ಟ.

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ಉಳಿಯಬೇಕು ಎಂಬುದು ಪರ್ವತ ವೈದ್ಯಕೀಯದ ಸಾಮಾನ್ಯ ಸೂತ್ರ. ಪಾಸ್ ಬುಡದ ಶಿಬಿರ ಮಂತಲಾಯಿಗಿಂತ 600-800 ಮೀಟರ್ ಮೇಲಿರುವುದರಿಂದ ಈ ಸೂತ್ರ ಅಲ್ಲಿ ಮುರಿಯುತ್ತದೆ. ಆದ್ದರಿಂದ ಮಂತಲಾಯಿಯಲ್ಲಿ ಒಂದು ದಿನ ಹೆಚ್ಚಿಗೆ ಉಳಿಯುವುದನ್ನು ವೇಳಾಪಟ್ಟಿಯಲ್ಲೇ ಬರೆದಿಡಬೇಕು. ಖರ್ಚು ಉಳಿಸಲು ಮೊದಲು ಕತ್ತರಿ ಬೀಳುವುದು ಇದೇ ದಿನಕ್ಕೆ. ತಲೆನೋವಿನ ಜೊತೆ ವಾಂತಿ, ತೂರಾಡುವ ನಡಿಗೆ, ಕುಳಿತಲ್ಲೇ ಏದುಸಿರು, ಇವುಗಳಲ್ಲಿ ಯಾವುದು ಕಂಡರೂ ಔಷಧಿಗಿಂತ ಮೊದಲ ಚಿಕಿತ್ಸೆ ಕೆಳಗೆ ಇಳಿಸುವುದು. ಅಸೆಟಜೋಲಮೈಡ್ ಮಾತ್ರೆ ಬೇಕೇ ಬೇಡವೇ ಎಂಬುದನ್ನು ಊರಿನಲ್ಲೇ ವೈದ್ಯರ ಬಳಿ ಕೇಳಿಕೊಳ್ಳಬೇಕು, ಅದರಲ್ಲೂ ಸಲ್ಫಾ ಔಷಧಿಯ ಅಲರ್ಜಿ ಇರುವವರು.

ನಕ್ಷೆಯ ಮೇಲಿನ ಕಿಲೋಮೀಟರ್ ನಂಬಬೇಡಿ

ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕವನ್ನು ಚಾರಣಿಗರು ಇಂದಿಗೂ ಬಳಸುತ್ತಾರೆ: 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆ ಪ್ರಕಾರ 10 ಕಿ.ಮೀ. ದೂರ, 600 ಮೀಟರ್ ಏರು ಎಂದರೆ ಮೂರು ತಾಸು. ಒಳ್ಳೆಯ ದಾರಿಯಲ್ಲಿ, ಹಗುರ ಚೀಲ ಹೊತ್ತವರಿಗೆ ಇದು ಸರಿ. ಅಲುಗಾಡುವ ಬಂಡೆಗಳ ಮೇಲೆ, 4,500 ಮೀಟರ್ ಎತ್ತರದಲ್ಲಿ, 17-18 ಕೆ.ಜಿ. ಬೆನ್ನಿಗೇರಿಸಿಕೊಂಡವರಿಗೆ ಅದೇ ದೂರಕ್ಕೆ ಇಡೀ ದಿನ ಹೋದರೂ ಆಶ್ಚರ್ಯವಿಲ್ಲ. ದಾರಿಯಿಲ್ಲದ ಭಾಗಕ್ಕೆ ಸೂತ್ರದ ಎರಡರಿಂದ ಮೂರು ಪಟ್ಟು ಹೊತ್ತು ಇಟ್ಟುಕೊಳ್ಳುವುದು ಕ್ಷೇಮ.

ಫೋನಿನ ಜಿಪಿಎಸ್ ಸಿಗ್ನಲ್ ಇಲ್ಲದ ಕಡೆಯೂ ಕೆಲಸ ಮಾಡುತ್ತದೆ, ಆದರೆ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು. ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ. ರಾತ್ರಿ ಫೋನನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗುವುದು ವಾಡಿಕೆ. ಮುದ್ರಿತ ನಕ್ಷೆ, ದಿಕ್ಸೂಚಿ ಜೊತೆಗಿರಲಿ. ಹಿಂದೆ ಯಾರೋ ದಾಟಿದ ಜಿಪಿಎಸ್ ಜಾಡು ಹಿಮನದಿಯ ಮೇಲೆ ದಾರಿ ತೋರಿಸುವ ಸಾಕ್ಷಿಯಲ್ಲ. ಅಂದು ಹಿಮವಿದ್ದ ಜಾಗದಲ್ಲಿ ಇಂದು ಬಿರುಕಿರಬಹುದು.

ಹೊಳೆ ದಾಟುವುದಕ್ಕೂ ಗಡಿಯಾರ ಮುಖ್ಯ. ಹಿಮ ಕರಗಿ ಬರುವ ತೊರೆಗಳಲ್ಲಿ ಬೆಳಗಿನ ಜಾವ ಮೊಣಕಾಲುದ್ದ ಇರುವ ನೀರು ಮಧ್ಯಾಹ್ನದ ಬಿಸಿಲಿಗೆ ಸೊಂಟಕ್ಕೆ ಬರುತ್ತದೆ. ಪಾರ್ವತಿ ನದಿಗೆ ಎರಡು ಕಡೆ ಭಾರಿ ಬಂಡೆಗಳೇ ಸೇತುವೆ. ಪಾಂಡವರು ಹಾಕಿದ್ದೆಂದು ಊರವರು ಹೇಳುವ ಇವನ್ನು ಪಾಂಡು ಪುಲ್ ಎನ್ನುತ್ತಾರೆ. ಆದರೆ ಉಳಿದ ತೊರೆಗಳಿಗೆ ಭೀಮನ ಕೃಪೆ ಇಲ್ಲ, ನೀರಿಗೇ ಇಳಿಯಬೇಕು. ಇಳಿಯುವ ಮುನ್ನ ಚೀಲದ ಸೊಂಟಪಟ್ಟಿ ಬಿಚ್ಚಿಕೊಳ್ಳಬೇಕು. ಬಿದ್ದರೆ ಚೀಲ ಕಳಚಿ ಹೋಗಲಿ, ಮನುಷ್ಯನನ್ನು ಎಳೆದುಕೊಂಡು ಹೋಗಬಾರದು.

ಚೀಲ ಮತ್ತು ಬುತ್ತಿ

ತಲೆಗೆ ದಿನಕ್ಕೆ 700-800 ಗ್ರಾಂ ಒಣ ಆಹಾರ, ಸುಮಾರು 3,500 ಕ್ಯಾಲೊರಿ ಎಂದು ಲೆಕ್ಕ ಹಾಕಿದರೆ ಹತ್ತು ದಿನದ ಜೊತೆ ಎರಡು ದಿನದ ಮೀಸಲು ಸೇರಿ 9 ಕೆ.ಜಿ. ಆಗುತ್ತದೆ. ಇದಕ್ಕೆ ಟೆಂಟ್, ಸ್ಲೀಪಿಂಗ್ ಬ್ಯಾಗ್, ಬಟ್ಟೆ, ಹಗ್ಗ, ಇಂಧನ ಸೇರಿದಾಗ ಬೆನ್ನು ಮಾತಾಡತೊಡಗುತ್ತದೆ. ಹೀಗಾಗಿ ಗ್ರಾಂಗೆ ಹೆಚ್ಚು ಶಕ್ತಿ ಕೊಡುವುದನ್ನೇ ಆರಿಸಬೇಕು. 100 ಗ್ರಾಂ ಶೇಂಗಾದಲ್ಲಿ ಸುಮಾರು 560 ಕ್ಯಾಲೊರಿ, ತುಪ್ಪದಲ್ಲಿ 900, ಅವಲಕ್ಕಿಯಲ್ಲಿ 350ರಷ್ಟು ಇರುತ್ತದೆ. ಶೇಂಗಾ ಚಿಕ್ಕಿ, ತುಪ್ಪ-ಬೆಲ್ಲ ಕಲಸಿದ ಹುರಿಹಿಟ್ಟು, ಕೊಬ್ಬರಿ, ಚಟ್ನಿಪುಡಿ, ಹುರಿದ ರವೆ ಇವೆಲ್ಲ ದುಬಾರಿ ಎನರ್ಜಿ ಬಾರ್‌ಗಳಿಗೆ ಏನೂ ಕಡಿಮೆಯಿಲ್ಲ. ಎತ್ತರದಲ್ಲಿ ಹಸಿವು ಸತ್ತುಹೋಗುವುದರಿಂದ ನಾಲಿಗೆಗೆ ಪರಿಚಿತ ರುಚಿಯೇ ಒಳಗಿಳಿಯುತ್ತದೆ ಎಂಬುದೂ ಒಂದು ಅನುಕೂಲ.

4,100 ಮೀಟರ್ ಎತ್ತರದಲ್ಲಿ ನೀರು 86 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಅಲ್ಲಿ ತೊಗರಿಬೇಳೆ ಬೇಯಿಸಹೊರಟರೆ ಗ್ಯಾಸ್ ಖಾಲಿಯಾದೀತೇ ಹೊರತು ಬೇಳೆ ಕರಗದು. ಅವಲಕ್ಕಿಗೆ ಬಿಸಿನೀರು ಹಾಕಿ ಮುಚ್ಚಿಟ್ಟರೆ ಸಾಕು. ಗ್ಯಾಸ್ ಕ್ಯಾನಿಸ್ಟರ್‌ಗಳನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ರೈಲಿನಲ್ಲೂ ನಿಷಿದ್ಧ. ಮನಾಲಿಯಲ್ಲೇ ಖರೀದಿಸಬೇಕು. ಪಾಸ್ ಬುಡದಲ್ಲಿ ಹಿಮ ಕರಗಿಸಿ ನೀರು ಮಾಡಿಕೊಳ್ಳಬೇಕಾಗಿ ಬಂದರೆ ಇಂಧನ ದುಪ್ಪಟ್ಟು ಬೇಕಾಗುತ್ತದೆ ಎಂಬುದು ನೆನಪಿರಲಿ.

ಮೈನಸ್ 10 ಡಿಗ್ರಿಗೆ ಸಾಲುವ ಸ್ಲೀಪಿಂಗ್ ಬ್ಯಾಗ್, ಆಗಲೇ ಕಾಲಿಗೆ ಹೊಂದಿಕೊಂಡ ಬೂಟು, ಹಿಮದ ಬೆಳಕಿಗೆ ತಡೆ ಕೊಡುವ ಕನ್ನಡಕ ಇವುಗಳಲ್ಲಿ ರಾಜಿ ಬೇಡ.

ಯಾರ ಜೊತೆ, ಎಷ್ಟು ತಯಾರಿ

ಹಿಮದ ಮೇಲೆ ಹಗ್ಗ ಕಟ್ಟಿಕೊಂಡು ನಡೆಯುವುದು, ಬಿರುಕಿಗೆ ಬಿದ್ದವರನ್ನು ಎತ್ತುವುದು ವೀಡಿಯೊ ನೋಡಿ ಬರುವ ವಿದ್ಯೆಯಲ್ಲ. ಮನಾಲಿ, ಉತ್ತರಕಾಶಿ, ಡಾರ್ಜಿಲಿಂಗ್‌ನ ಪರ್ವತಾರೋಹಣ ಸಂಸ್ಥೆಗಳು ಸುಮಾರು ನಾಲ್ಕು ವಾರಗಳ ಪ್ರಾಥಮಿಕ ಕೋರ್ಸ್ ನಡೆಸುತ್ತವೆ. ತಂಡದಲ್ಲಿ ಅಂಥವರು ಯಾರೂ ಇಲ್ಲದಿದ್ದರೆ ಈ ಪಾಸ್ ದಾಟಿ ಬಂದ ಸ್ಥಳೀಯ ಗೈಡ್ ಇಲ್ಲದೆ ಹೊರಡಬಾರದು. ಗೈಡ್ ಮತ್ತು ಹೊರೆಯಾಳುಗಳಿಗೂ ಬೂಟು, ಕನ್ನಡಕ, ಟೆಂಟ್, ವಿಮೆ ಇದೆಯೇ ಎಂದು ಮೊದಲೇ ಕೇಳಬೇಕು. ಕಡಿಮೆ ದರ ಹೇಳುವ ಏಜೆನ್ಸಿಗಳು ಉಳಿತಾಯ ಮಾಡುವುದು ಹೆಚ್ಚಾಗಿ ಇಲ್ಲೇ.

ಒಂಟಿಯಾಗಿ ಹೋಗುವುದಂತೂ ಬೇಡವೇ ಬೇಡ. ಪಾರ್ವತಿ ಕಣಿವೆಯಲ್ಲಿ ಕಳೆದ ಕೆಲವು ದಶಕಗಳಲ್ಲಿ ಕಾಣೆಯಾದ ಪ್ರವಾಸಿಗರು ಹಲವರು. 2016ರಲ್ಲಿ ಮಂತಲಾಯಿ ಕಡೆಗೆ ಹೋದ ಅಮೆರಿಕದ ಪ್ರವಾಸಿಯೊಬ್ಬರು ಕಾಡಿನಲ್ಲಿ ಬದುಕುವ ಕಲೆಯಲ್ಲಿ ಪಳಗಿದವರಾಗಿದ್ದರೂ ಮರಳಿ ಬರಲಿಲ್ಲ.

ಮುಂಬೈ, ಪುಣೆಯವರಿಗೆ ತಾಲೀಮಿನ ಜಾಗ ಮನೆಯ ಹತ್ತಿರವೇ ಇದೆ. ಹರಿಶ್ಚಂದ್ರಗಡದ ನಳಿಚಿ ವಾಟ್, ಅಲಂಗ್-ಮದನ್-ಕುಲಂಗ್ ಕೋಟೆಗಳು ಜಾರುವ ಕಲ್ಲಿನ ಪಾಠ ಚೆನ್ನಾಗಿ ಕಲಿಸುತ್ತವೆ. ಊರಿಗೆ ಹೋದಾಗ ಕುಕ್ಕೆಯಿಂದ ಕುಮಾರ ಪರ್ವತ ಹತ್ತಿ ಇಳಿದರೆ ಮೊಣಕಾಲಿನ ಯೋಗ್ಯತೆ ತಿಳಿಯುತ್ತದೆ. ಕನಿಷ್ಠ ಮೂರು ತಿಂಗಳು, 15 ಕೆ.ಜಿ. ಹೊತ್ತು, ಶನಿವಾರ-ಭಾನುವಾರ ಎರಡೂ ದಿನ ಬಿಡದೆ ನಡೆಯಬೇಕು. ದಣಿದ ಕಾಲಿನಲ್ಲಿ ಮರುದಿನ ಏಳುವುದೇ ನಿಜವಾದ ಅಭ್ಯಾಸ. ಹೈದರಾಬಾದ್, ಚೆನ್ನೈ, ದೆಹಲಿಯ ಫ್ಲ್ಯಾಟ್‌ಗಳಲ್ಲಿ ಇರುವವರಿಗೆ ಅಪಾರ್ಟ್‌ಮೆಂಟ್ ಮೆಟ್ಟಿಲುಗಳಿವೆ. ಹತ್ತುವುದಷ್ಟೇ ಅಲ್ಲ, ಇಳಿಯುವುದೂ ಲೆಕ್ಕಕ್ಕೆ ಬರಲಿ.

ಮನೆಯಲ್ಲಿ ಬಿಟ್ಟು ಹೋಗುವ ಹಾಳೆ

ಖೀರಗಂಗಾ ದಾಟಿದ ಮೇಲೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ವಿದೇಶಗಳಲ್ಲಿ ಚಾರಣಿಗರು ಒಯ್ಯುವ ಸ್ಯಾಟಲೈಟ್ ಫೋನ್ ಮತ್ತು ಸಂದೇಶ ಸಾಧನಗಳನ್ನು ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇಟ್ಟುಕೊಳ್ಳುವುದು ಅಪರಾಧ. ಇಂಥ ಸಾಧನದೊಂದಿಗೆ ಗೋವಾ, ದೆಹಲಿ ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದ ವಿದೇಶಿಯರು ಪೊಲೀಸ್ ಠಾಣೆ ಮೆಟ್ಟಿಲು ಹತ್ತಬೇಕಾಗಿತ್ತು. ಬಂಧುವೊಬ್ಬರು ಅಮೆರಿಕದಿಂದ ತಂದುಕೊಟ್ಟರೆಂದು ಚೀಲಕ್ಕೆ ಹಾಕಿಕೊಳ್ಳಬಾರದು.

ಹಾಗಾಗಿ ಉಳಿಯುವುದು ಒಂದು ಕಾಗದ. ಅದರಲ್ಲಿ ಪ್ರತಿ ರಾತ್ರಿ ತಂಗುವ ಜಾಗ, ತಂಡದ ಎಲ್ಲರ ಹೆಸರು, ರಕ್ತದ ಗುಂಪು, ತೆಗೆದುಕೊಳ್ಳುವ ಔಷಧಿ, ಟೆಂಟ್‌ನ ಬಣ್ಣ, ಗೈಡ್ ಫೋನ್ ನಂಬರ್, ಅವರ ಹಳ್ಳಿ ಎಲ್ಲವೂ ಇರಬೇಕು. ಪಾಸ್ ಎರಡು ಜಿಲ್ಲೆಗಳ ಗಡಿಯಾದ್ದರಿಂದ ಕುಲ್ಲು ಮತ್ತು ಲಾಹೌಲ್-ಸ್ಪಿತಿ ಎರಡೂ ಕಡೆಯ ತುರ್ತು ಕೇಂದ್ರಗಳ ನಂಬರ್ ಬೇಕು. ಜಿಲ್ಲಾ ವಿಪತ್ತು ಸಹಾಯವಾಣಿ 1077 ಆದರೂ ಪುಣೆಯಿಂದಲೋ ಹುಬ್ಬಳ್ಳಿಯಿಂದಲೋ ಕರೆ ಮಾಡುವಾಗ ಆ ಜಿಲ್ಲೆಯ ಎಸ್‌ಟಿಡಿ ಕೋಡ್ ಸೇರಿಸಬೇಕಾಗುತ್ತದೆ. ಮನೆಯಲ್ಲಿ ಹಿಂದಿ ಬಾರದ ಹಿರಿಯರಷ್ಟೇ ಇದ್ದರೆ ಹಾಳೆ ಹಿಂದಿ ಬಲ್ಲ ಗೆಳೆಯರ ಕೈಯಲ್ಲಿರಲಿ.

ಮುಖ್ಯವಾದದ್ದು ಕೊನೆಯ ಸಾಲು: ಇಂಥ ದಿನ, ಇಷ್ಟು ಗಂಟೆಯೊಳಗೆ ಕರೆ ಬರದಿದ್ದರೆ ದೂರು ಕೊಡಿ. 'ಬಂದಾರು, ನೋಡೋಣ' ಎಂದು ಮನೆಯವರು ಕಾಯುವ ಎರಡು ದಿನ ಹಿಮದಲ್ಲಿ ಸಿಲುಕಿದವರ ಪಾಲಿಗೆ ತುಂಬಾ ದೀರ್ಘ. ತಂಡದೊಳಗೂ ಇಂಥದ್ದೇ ಒಂದು ಮಾತು ಮೊದಲೇ ಆಗಿರಬೇಕು. ಪಾಸ್ ಏರುವ ದಿನ ಕತ್ತಲಿರುವಾಗಲೇ ಹೊರಟು, ಮಧ್ಯಾಹ್ನ ಇಂತಿಷ್ಟು ಗಂಟೆಗೆ ತಲುಪದಿದ್ದರೆ ಎಷ್ಟೇ ಹತ್ತಿರವಿದ್ದರೂ ತಿರುಗುವುದು. ಈ ತೀರ್ಮಾನ ಯಾರದು ಎಂಬುದೂ ಬರ್ಶೈಣಿಯಲ್ಲೇ ಇತ್ಯರ್ಥವಾಗಲಿ. ಅರಣ್ಯ ಇಲಾಖೆಯ ಅನುಮತಿ, ಪೊಲೀಸ್ ಠಾಣೆಯಲ್ಲಿ ಹೆಸರು ನೋಂದಣಿ ಬೇಸರದ ಕೆಲಸವೆನಿಸಬಹುದು, ಆದರೆ ಹುಡುಕುವವರಿಗೆ ಮೊದಲ ಸುಳಿವು ಸಿಗುವುದು ಅಲ್ಲಿಂದಲೇ.

ಮರಳುವ ಟಿಕೆಟ್ ಬಗ್ಗೆಯೂ ಯೋಚಿಸಬೇಕು. ಮುದ್‌ನಿಂದ ಕಾಜಾಗೆ ಸುಮಾರು 50 ಕಿ.ಮೀ., ಅಲ್ಲಿಂದ ಕುಂಜುಮ್ ಪಾಸ್ ಮೂಲಕ ಮನಾಲಿಗೆ ಅಥವಾ ಕಿನ್ನೌರ್ ಮೂಲಕ ಶಿಮ್ಲಾಕ್ಕೆ ರಸ್ತೆಯಿದೆ. ಮಳೆಗಾಲದಲ್ಲಿ ಎರಡೂ ಯಾವಾಗ ಬೇಕಾದರೂ ಮುಚ್ಚಬಹುದು. ಸೋಮವಾರ ಆಫೀಸು, ಭಾನುವಾರ ರಾತ್ರಿ ದೆಹಲಿಯಿಂದ ವಿಮಾನ ಎಂದು ಬುಕ್ ಮಾಡಿಕೊಂಡ ತಂಡ ಮಂತಲಾಯಿಯಲ್ಲಿ ಮೋಡ ಕವಿದಾಗ ಒಂದು ದಿನ ಕಾಯುವುದಿಲ್ಲ. ಚಾರಣದ ಕೊನೆಗೆ ಮೂರು ದಿನ ಖಾಲಿ ಬಿಟ್ಟು, ದಿನಾಂಕ ಬದಲಿಸಬಹುದಾದ ಟಿಕೆಟನ್ನೇ ಕೊಂಡುಕೊಳ್ಳಬೇಕು. ಅಷ್ಟು ರಜೆ ಸಿಗದವರಿಗೆ ಮಂತಲಾಯಿವರೆಗೆ ಹೋಗಿ ಬಂದ ದಾರಿಯಲ್ಲೇ ಮರಳುವ ಏಳೆಂಟು ದಿನದ ಚಾರಣವಿದೆ, ಅದಕ್ಕೆ ಹಿಮನದಿ ದಾಟಬೇಕಿಲ್ಲ.